ನಾಟಕಕ್ಕೆ ಒಲಿದು ಚಿತ್ರಕ್ಕೆ ಒಲ್ಲದ ಕಥೆಗಳು

ಊರಿಗೆ ನಾಟಕವೊಂದು ಬಂದಿದೆ, ಎಲ್ಲರೂ ಹೋಗಿ ನೋಡೋಣ ಎಂಬ ಮಾತು ಮನೆಯಲ್ಲಿ ಎದ್ದರೆ ಈಗಿನ ಕಾಲದಲ್ಲಿ ಅದಕ್ಕೆ ಸಿಕ್ಕುವ ಉತ್ತರವು ಬಹುಮಟ್ಟಿಗೆ ಗೊತ್ತಾದುದೇ. “ಆ ಕಥೆಯ ಸಿನಿಮಾ ಬಂದಿದೆಯಲ್ಲ, ಇಲ್ಲಿಯೇ ಕುಳಿತು ನೋಡಿದರಾಯಿತು” ಎಂದು ಮಕ್ಕಳೂ, “ರಾತ್ರಿ ಹಿಂದಿರುಗುವುದಕ್ಕೆ ಬಸ್ಸು ಸಿಕ್ಕುವುದೋ ಇಲ್ಲವೋ” ಎಂದು ಹಿರಿಯರೂ ಹೇಳುವರು. ಹಿರಿಯರ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಮಕ್ಕಳ ಮಾತನ್ನು ಮಾತ್ರ ಸ್ವಲ್ಪ ವಿಚಾರಿಸಿ ನೋಡಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇವೆ. ಏತಕ್ಕೆಂದರೆ ಆ ಮಾತಿನೊಳಗೆ ಒಂದು ನಂಬಿಕೆ ಅಡಗಿಕೊಂಡಿದೆ. ಕಥೆಯೆಂಬುದು ನೀರಿನ ಹಾಗೆ, ಚೆಂಬಿಗೆ ಹಾಕಿದರೂ ಅದೇ, ಕೊಡಕ್ಕೆ ಹಾಕಿದರೂ ಅದೇ. ಕೊಡವು ದೊಡ್ಡದಾದುದರಿಂದ ಅದೇ ಮೇಲು ಎಂಬುದೇ ಆ ನಂಬಿಕೆ. ಸಿನಿಮಾದವರಿಗೆ ಬೆಟ್ಟ ಬೇಕಾದರೆ ಬೆಟ್ಟವೇ ಸಿಕ್ಕುತ್ತದೆ, ಸಮುದ್ರ ಬೇಕಾದರೆ ಸಮುದ್ರವೇ ಸಿಕ್ಕುತ್ತದೆ. ನಾಟಕದವರಿಗೆ ಬಣ್ಣ ಬಳಿದ ಪರದೆಯೇ ಗತಿ. ಸಿರಿವಂತನ ಮನೆಯ ಊಟವು ಎದುರಿಗಿರುವಾಗ ಬಡವನ ಪಂಕ್ತಿಯಲ್ಲಿ ಹೋಗಿ ಕೂರುವುದೇಕೆ?

ಈ ಪ್ರಶ್ನೆಯು ನಮ್ಮ ನಾಡಿನ ನಾಟಕ ಕಂಪೆನಿಗಳಿಗೆ ತೊಂಬತ್ತು ವರ್ಷಗಳ ಹಿಂದೆಯೇ ಎದುರಾಯಿತು. ಕನ್ನಡದ ಮೊದಲನೆಯ ಮಾತನಾಡುವ ಚಿತ್ರವಾದ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆ ಕಂಡುದು 1934ನೆಯ ಇಸವಿ ಮಾರ್ಚಿ ತಿಂಗಳಲ್ಲಿ. ಅದನ್ನು ತೆಗೆದುದು ಕೊಲ್ಹಾಪುರದಲ್ಲಿ. ಅದರಲ್ಲಿ ರಾವಣನಾದ ಆರ್. ನಾಗೇಂದ್ರರಾಯರೂ ಇಂದ್ರಜಿತುವಾದ ಎಂ. ವಿ. ಸುಬ್ಬಯ್ಯನಾಯ್ಡುಗಳೂ ಕಂಪೆನಿ ನಾಟಕಗಳಲ್ಲಿ ಪಳಗಿದವರು. ಅದಕ್ಕೆ ಮಾತು ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳೂ ನಾಟಕದವರೇ. ಹೀಗೆ ಹುಟ್ಟುವಾಗ ನಮ್ಮ ಚಿತ್ರವು ನಾಟಕದ ತೊಡೆಯ ಮೇಲೆಯೇ ಆಡಿತು. ತಾಯಿಯ ಒಡವೆಗಳನ್ನೆಲ್ಲ ಅದು ಒಂದೊಂದಾಗಿ ತೆಗೆದುಕೊಂಡು ಹೋದುದೂ ಉಂಟು.

ಆ ಒಡವೆಗಳಲ್ಲಿ ಕೆಲವನ್ನು ನಾಟಕದವರು ತೊಡದೆ ಇದ್ದಿದ್ದರೇ ಚೆನ್ನಾಗಿತ್ತೆಂದು ನಮಗೆ ತೋರುತ್ತದೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾಯಿತು. ಅವರ ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬರುತ್ತಿದ್ದುವು. ಹಳ್ಳಿ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದ ಜನಕ್ಕೆ ಅದೊಂದು ಅದ್ಭುತವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆನೆಯನ್ನು ತೋರಿಸುವ ಪಂದ್ಯದಲ್ಲಿ ನಾಟಕವು ಚಿತ್ರದ ಎದುರಿಗೆ ಎಷ್ಟು ದಿನ ನಿಂತೀತು? ರಂಗದ ಮೇಲೆ ಆನೆಯೊಂದು ಬಂದರೆ ತೆರೆಯ ಮೇಲೆ ಹಿಂಡೇ ಬರುತ್ತದೆ. ವೀರಣ್ಣನವರಿಗೆ ಇದು ತಿಳಿಯದೆ ಇರಲಿಲ್ಲ. ಮೂಕಿ ಚಿತ್ರಗಳ ಕಾಲದಲ್ಲಿಯೇ ಅವರು ಚಿತ್ರೋದ್ಯಮಕ್ಕೂ ಕೈಹಾಕಿದ್ದರು.

ಅದೇ ವೀರಣ್ಣನವರು ‘ಸದಾರಮೆ’ಯಲ್ಲಿ ಕಳ್ಳನ ಪಾತ್ರವನ್ನು ವಹಿಸುತ್ತಿದ್ದರು. ಆ ಕಳ್ಳನಿಗೆ ಆನೆಯೂ ಬೇಡ, ಕುದುರೆಯೂ ಬೇಡ. ಬೇಕಾದುದು ಎದುರಿಗೆ ಕುಳಿತ ಜನ. ಆ ದಿನ ಊರಿನಲ್ಲಿ ನಡೆದ ಸಂಗತಿಯನ್ನು ಮಾತಿಗೆ ಸೇರಿಸಿಕೊಂಡು, ಮುಂದಿನ ಸಾಲಿನ ದೊಡ್ಡ ಮನುಷ್ಯನನ್ನು ಮೆಲ್ಲನೆ ಚುಚ್ಚಿ, ಹಿಂದಿನ ಸಾಲಿನವರು ನಕ್ಕರೆ ಆ ನಗುವಿಗೆ ಇನ್ನೊಂದು ಮಾತನ್ನು ಹೊಂದಿಸಿ ಬೆಳೆಸುವುದು ಕಂಪೆನಿಗಳ ಹಾಸ್ಯನಟರ ವಿದ್ಯೆ. ಸದಾರಮೆಯ ಕಥೆಯು 1935ರಲ್ಲೊಮ್ಮೆ, 1956ರಲ್ಲೊಮ್ಮೆ ಚಿತ್ರವಾಯಿತು. ಚಿತ್ರದ ಕಳ್ಳನು ತುಮಕೂರಿನಲ್ಲಿ ಆಡಿದ ಮಾತನ್ನೇ ಧಾರವಾಡದಲ್ಲಿಯೂ ಆಡಬೇಕು; ಜನರು ನಕ್ಕರೂ ನಿಲ್ಲಲಾರ, ನಗದಿದ್ದರೂ ನಾಚಲಾರ. ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀಯವರು ಎಷ್ಟೋ ವರ್ಷಗಳ ಮೇಲೆ ಸದಾರಮೆಯನ್ನು ಮತ್ತೆ ರಂಗಕ್ಕೆ ತಂದು ಆ ಕಳ್ಳನ ಪಾತ್ರವನ್ನು ತಾವೇ ಕಟ್ಟಿದಾಗ ಜನರು ಮತ್ತೆ ಹಾಗೆಯೇ ನಕ್ಕರು. ‘ಕುರುಕ್ಷೇತ್ರ’ದ ಆನೆಗಳಿಗೆ ಇಂತಹ ಪುನರ್ಜನ್ಮವು ದೊರೆಯಲಿಲ್ಲ. ಯಾವ ಕಥೆಯು ನಾಟಕಕ್ಕೆ ಸ್ವಂತವಾದುದು, ಯಾವುದು ಸಾಲ ತಂದುದು ಎಂಬುದನ್ನು ತಿಳಿಯಲು ನಮಗೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಸಿಕ್ಕದು.

ಕರಾವಳಿಯವರಿಗೆ ಇದನ್ನು ಹೇಳಿಕೊಡಬೇಕಾದುದಿಲ್ಲ. ಯಕ್ಷಗಾನದ ಬಯಲಾಟದಲ್ಲಿ ರಾಜನು ಒಂದೂರಿನಿಂದ ಇನ್ನೊಂದೂರಿಗೆ ಹೊರಟನೆಂದರೆ ರಂಗಸ್ಥಳವನ್ನು ಎರಡು ಸುತ್ತು ಕುಣಿದು ಬರುತ್ತಾನೆ. ಅಷ್ಟರಲ್ಲಿ ಹಸ್ತಿನಾವತಿಯು ಹಿಂದಾಗಿ ದ್ವಾರಕೆಯು ಬಂದುಬಿಟ್ಟಿರುತ್ತದೆ. ರಕ್ಕಸನ ಬಣ್ಣದ ವೇಷವನ್ನು ನೋಡಿ. ಇಬ್ಬರು ಹಿಡಿದ ತೆರೆಯ ಹಿಂದೆ ಮೊದಲು ಕಿರೀಟದ ತುದಿ ಮಾತ್ರ ಕಾಣುತ್ತದೆ, ಆಮೇಲೆ ಒಂದು ಅಬ್ಬರ, ಆಮೇಲೆ ತೆರೆಯ ಅಂಚನ್ನು ಹಿಡಿದ ಬೆರಳುಗಳು. ಚೆಂಡೆಯು ಏರುತ್ತ ಏರುತ್ತ ಹೋಗಿ ಕೊನೆಗೆ ತೆರೆಯು ಸರಿದಾಗ ತೂಕಡಿಸುತ್ತಿದ್ದ ಮಗುವು ತಾಯಿಯ ಸೆರಗಿಗೆ ಮುಖವನ್ನು ಹುದುಗಿಸುತ್ತದೆ. ಆ ಮುಖದ ಮೇಲಿರುವುದು ಅಕ್ಕಿಹಿಟ್ಟು ಸುಣ್ಣಗಳ ಕಲಸಿನಿಂದ ಗಂಟೆಗಟ್ಟಲೆ ಕುಳಿತು ಚುಕ್ಕೆ ಚುಕ್ಕೆಯಾಗಿ ಇಟ್ಟ ಚುಟ್ಟಿ. ಇದನ್ನೇ ಕ್ಯಾಮರಾದಲ್ಲಿ ಹತ್ತಿರದಿಂದ ಹಿಡಿದರೆ ಕಾಣುವುದು ಏನು? ಹಿಟ್ಟು, ಬಣ್ಣ, ಬೆವರು. ಅವುಗಳ ಹಿಂದೆ ದಣಿದ ಒಬ್ಬ ಕಲಾವಿದ. ರಕ್ಕಸನು ಎಲ್ಲಿಯೋ ಹೋಗಿಬಿಟ್ಟಿರುತ್ತಾನೆ. ಸುಳ್ಳೆಂದರೆ ವೇಷವಲ್ಲ, ಆ ಸಮೀಪವೇ. ಆ ವೇಷವು ಇಷ್ಟು ದೂರಕ್ಕೆ, ಇಷ್ಟು ಬೆಳಕಿಗೆ, ಇಂತಹ ಹೊತ್ತಿಗೆ ಎಂದು ಅಳತೆ ಮಾಡಿ ಆದುದು.

ಇನ್ನು ನಮ್ಮ ವಿಷಯದ ನಡುಮನೆಗೆ ಬರೋಣ. ಗಿರೀಶ ಕಾರ್ನಾಡರ ‘ಹಯವದನ’ವು 1971ರ ಸುಮಾರಿಗೆ ಬಂದ ನಾಟಕ. ಆ ಕಾಲದಲ್ಲಿ ಕಾರ್ನಾಡರು ಚಿತ್ರರಂಗದಲ್ಲಿಯೂ ಮುಳುಗಿದ್ದವರು. 1970ರ ‘ಸಂಸ್ಕಾರ’ಕ್ಕೆ ಚಿತ್ರಕಥೆಯನ್ನು ಬರೆದು ಮುಖ್ಯ ಪಾತ್ರವನ್ನೂ ವಹಿಸಿದ್ದರು, 1973ರಲ್ಲಿ ‘ಕಾಡು’ ಚಿತ್ರವನ್ನು ನಿರ್ದೇಶಿಸಿದರು. ಎರಡು ಮನೆಗಳ ಬೀಗದ ಕೈಯೂ ಸೊಂಟದಲ್ಲಿದ್ದಾತನು ಈ ಕಥೆಯನ್ನು ಇಟ್ಟುದು ರಂಗದ ಮನೆಯಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು.

ಕಥೆಯ ಬೇರು ಕಥಾಸರಿತ್ಸಾಗರದ ಬೇತಾಳ ಕಥೆಗಳಲ್ಲಿದೆ. ಜರ್ಮನಿಯ ಥಾಮಸ್ ಮಾನ್ ಅದೇ ಕಥೆಯನ್ನು ಹಿಡಿದು ಕಿರುಕಾದಂಬರಿಯೊಂದನ್ನು ಬರೆದಿದ್ದನು. ದೇವದತ್ತನೂ ಕಪಿಲನೂ ಪ್ರಾಣಸ್ನೇಹಿತರು. ಒಬ್ಬನಿಗೆ ಬುದ್ಧಿ, ಇನ್ನೊಬ್ಬನಿಗೆ ಮೈಕಟ್ಟು. ದೇವದತ್ತನ ಹೆಂಡತಿ ಪದ್ಮಿನಿ. ಕಾಳಿಯ ಗುಡಿಯಲ್ಲಿ ಗೆಳೆಯರಿಬ್ಬರೂ ಒಬ್ಬನ ಹಿಂದೊಬ್ಬರು ತಲೆ ಕಡಿದುಕೊಳ್ಳುತ್ತಾರೆ. ಪದ್ಮಿನಿಗೆ ದೇವಿಯು ವರವನ್ನು ಕೊಡುತ್ತಾಳೆ. ಕತ್ತಲಲ್ಲಿ, ಆತುರದಲ್ಲಿ, ಆಕೆಯು ತಲೆಗಳನ್ನು ಅದಲುಬದಲಾಗಿ ಇಡುತ್ತಾಳೆ. ಈಗ ಗಂಡನು ಯಾರು? ತಲೆಯೇ, ಮೈಯೇ?

ಈ ಕಥೆಯನ್ನು ಚಿತ್ರವಾಗಿ ತೆಗೆಯುವಾತನ ಕಷ್ಟವನ್ನು ಸ್ವಲ್ಪ ಊಹಿಸಿರಿ. ಕತ್ತರಿಸಿದ ತಲೆಯನ್ನು ತೋರಿಸಿದರೆ ಮನೆಮಂದಿಯೊಡನೆ ನೋಡತಕ್ಕ ಚಿತ್ರವಾಗಲಾರದು. ತೋರಿಸದಿದ್ದರೆ ಕಥೆಯೇ ಇಲ್ಲ. ಇರಲಿ, ಈಗಿನ ಯಂತ್ರಕೌಶಲದಿಂದ ಅದನ್ನು ಹೇಗೋ ನಿಭಾಯಿಸಬಹುದು. ನಿಜವಾದ ತೊಡಕು ಅದರ ಆಚೆಗಿದೆ. ಚಿತ್ರದಲ್ಲಿ ನಾವು ಒಬ್ಬ ಮನುಷ್ಯನನ್ನು ಗುರುತಿಸುವುದು ಮುಖದಿಂದ. ತೆರೆಯ ತುಂಬ ಮುಖವೇ ಇರುತ್ತದೆ. ನಟನ ಹೆಸರನ್ನು ನಾವು ಹೇಳುವುದೂ ಅವನ ಮುಖವನ್ನು ನೋಡಿಯೇ. ಆದುದರಿಂದ ದೇವದತ್ತನ ಪಾತ್ರಧಾರಿಯ ಮುಖವು ಬೇರೊಂದು ಮೈಯ ಮೇಲೆ ಕಾಣಿಸಿಕೊಂಡ ಕೂಡಲೇ ನೋಡುವವನ ಮನಸ್ಸು, “ಇಗೋ, ಇವನೇ ದೇವದತ್ತ, ಮೈ ಮಾತ್ರ ಬೇರೆ” ಎಂದು ತೀರ್ಮಾನಿಸಿಬಿಡುತ್ತದೆ. ನಾಟಕದಲ್ಲಿ ಋಷಿಯ ಬಳಿಗೆ ಹೋಗಿ ಕೇಳಬೇಕಾದ ಪ್ರಶ್ನೆಗೆ ಚಿತ್ರದಲ್ಲಿ ಕ್ಯಾಮರಾವೇ ಉತ್ತರವನ್ನು ಹೇಳಿ ಮುಗಿಸಿರುತ್ತದೆ.

ಕಾರ್ನಾಡರು ಮಾಡಿದುದು ಬಹು ಸರಳವಾದ ಕೆಲಸ. ಇಬ್ಬರಿಗೂ ಮುಖವಾಡಗಳನ್ನು ತೊಡಿಸಿದರು. ಒಂದು ಬೆಳ್ಳಗಿನದು, ಇನ್ನೊಂದು ಕಪ್ಪಿನದು. ತಲೆ ಬದಲಾಯಿತೆಂದರೆ ಮುಖವಾಡಗಳು ಬದಲಾದುವು, ಅಷ್ಟೆ. ಆದರೆ ಅದರ ಪರಿಣಾಮವನ್ನು ನೋಡಿ. ಈಗ ರಂಗದ ಮೇಲೆ ದೇವದತ್ತನ ಮುಖವಾಡವನ್ನು ತೊಟ್ಟಿರುವಾತನು ಈವರೆಗೆ ಕಪಿಲನಾಗಿದ್ದ ನಟ. ಅವನ ನಡಿಗೆ, ಅವನ ಕೊರಳು, ಅವನ ತೋಳು ಎಲ್ಲವೂ ನಮಗೆ ಒಂದು ಗಂಟೆಯಿಂದ ಪರಿಚಯವಾದುವು. ಮುಖವಾಡವು ಒಂದು ಹೆಸರನ್ನು ಹೇಳುತ್ತದೆ, ಜೀವಂತವಾದ ದೇಹವು ಇನ್ನೊಂದನ್ನು ಹೇಳುತ್ತದೆ. ಪದ್ಮಿನಿಗೆ ಆದ ಗೊಂದಲವೇ ಕುರ್ಚಿಯ ಮೇಲೆ ಕುಳಿತ ನಮಗೂ ಆಗುತ್ತದೆ. ತಲೆಯೇ ಶ್ರೇಷ್ಠವೆಂದು ಋಷಿಯು ತೀರ್ಪನ್ನು ಕೊಟ್ಟಾಗ ಸಭೆಯಲ್ಲಿ ಒಬ್ಬರಾದರೂ “ಹಾಗೆಂದರೆ ಹೇಗೆ?” ಎಂದು ಪಕ್ಕದವರಲ್ಲಿ ಪಿಸುಗುಟ್ಟದೆ ಇರುವುದಿಲ್ಲ. ತೀರ್ಪು ಬಂದ ಮೇಲೆಯೂ ಪ್ರಶ್ನೆಯು ಸಾಯುವುದಿಲ್ಲ. ನಾಟಕದ ಎರಡನೆಯ ಅಂಕವೆಲ್ಲ ಅದರ ಮೇಲೆಯೇ ನಿಂತಿದೆ.

ಈ ನಾಟಕದ ತುಂಬ ಇಂತಹವೇ ಇವೆ. ಮೂವರೂ ಗಾಡಿಯಲ್ಲಿ ಪಯಣ ಹೊರಡುತ್ತಾರೆ. ಗಾಡಿಯೂ ಇಲ್ಲ, ಎತ್ತೂ ಇಲ್ಲ. ಕಪಿಲನು ಹಗ್ಗವನ್ನು ಹಿಡಿದವನಂತೆ ನಟಿಸಿದರೆ ಮಿಕ್ಕಿಬ್ಬರು ಅವನ ಹಿಂದೆ ಗಾಡಿಯ ಕುಲುಕಾಟಕ್ಕೆ ತಕ್ಕಂತೆ ಕುಲುಕುತ್ತ ಬರುತ್ತಾರೆ. ಆ ಕುಲುಕಾಟದಲ್ಲಿ ಯಾರ ಕಣ್ಣು ಯಾರ ಬೆನ್ನಿನ ಮೇಲಿದೆಯೆಂಬುದೇ ಮುಖ್ಯ; ನಿಜವಾದ ಗಾಡಿಯನ್ನು ತಂದು ನಿಲ್ಲಿಸಿದ್ದರೆ ನಾವು ಎತ್ತಿನ ಕೋಡನ್ನು ನೋಡುತ್ತ ಕುಳಿತಿರುತ್ತಿದ್ದೆವು. ಭಯಂಕರಳಾದ ಕಾಳಿಯು ನಿದ್ದೆಗಣ್ಣಿನಲ್ಲಿ ಆಕಳಿಸುತ್ತಾಳೆ. ಇದು ದೇವರ ಹಾಸ್ಯ ಮಾಡಿದುದಲ್ಲವೇ ಎಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಬಯಲಾಟದಲ್ಲಿ ದೇವತೆಗಳ ಸಲಿಗೆಯನ್ನು ಕಂಡವರಿಗೆ ಇದು ಹೊಸದಲ್ಲ. ಗೊಂಬೆಗಳೆರಡು ಮನೆಯ ಗುಟ್ಟನ್ನು ಮಾತನಾಡುತ್ತವೆ, ಗೊಂಬೆಗಳೆಂದರೆ ಮಕ್ಕಳೇ. ಕೊನೆಯಲ್ಲಿ ಪದ್ಮಿನಿಯು ಚಿತೆಯನ್ನು ಏರುವಾಗ ಬೆಂಕಿಯ ಚಿತ್ರವನ್ನು ಬರೆದ ಅರ್ಧ ತೆರೆಯೊಂದನ್ನು ಇಬ್ಬರು ಎತ್ತಿ ಹಿಡಿಯುತ್ತಾರೆ. ಬಟ್ಟೆಯ ಬೆಂಕಿ. ಅದನ್ನು ನೋಡಿ ನಮ್ಮ ಮೈ ಬಿಸಿಯಾಗುವುದಿಲ್ಲ, ಮನಸ್ಸು ತಣ್ಣಗಾಗುತ್ತದೆ; ಏತಕ್ಕೆ ಹೀಗಾಯಿತೆಂದು ಆಲೋಚಿಸುವುದಕ್ಕೆ ಎಡೆಯು ಸಿಕ್ಕುತ್ತದೆ. ಚಿತ್ರದಲ್ಲಿ ನಿಜವಾದ ಜ್ವಾಲೆಯನ್ನೂ ಒಬ್ಬ ಹೆಂಗಸಿನ ಮುಖವನ್ನೂ ಒಟ್ಟಿಗೆ ತೋರಿಸಿದರೆ ಆಲೋಚನೆಗೆ ಎಡೆಯೆಲ್ಲಿ? ಹೆದರಿಕೆಯೋ ಅಸಹ್ಯವೋ ಉಳಿದೀತು. ಅಥವಾ, ಅದಕ್ಕಿಂತ ಕೆಟ್ಟದಾಗಿ, ಆ ಜ್ವಾಲೆಗೆ ಒಂದು ಚೆಲುವು ಬಂದು ನಡೆಯಬಾರದ ಕೃತ್ಯವೊಂದು ಪೂಜ್ಯವೆಂಬಂತೆ ಕಂಡೀತು. ಇದನ್ನು ನಾವು ಸಣ್ಣ ಮಾತೆಂದು ತಿಳಿಯುವುದಿಲ್ಲ. ಮನೆಯ ಹೆಣ್ಣುಮಕ್ಕಳು ನೋಡುವ ಕಥೆಯಲ್ಲಿ ಬೆಂಕಿಯನ್ನು ಹೇಗೆ ತೋರಿಸಬೇಕು ಎಂಬುದು ಬಣ್ಣದ ವಿಷಯವಷ್ಟೇ ಅಲ್ಲ.

ಇಂಗ್ಲೆಂಡಿನಲ್ಲಿ ಇದೇ ಸಂಗತಿಯು ಕುದುರೆಗಳ ವಿಷಯದಲ್ಲಿ ಪರೀಕ್ಷೆಗೆ ಬಂದುದುಂಟು. ಪೀಟರ್ ಶಾಫರ್ ಎಂಬಾತನ ‘ಈಕ್ವಸ್’ ನಾಟಕವು 1973ರಲ್ಲಿ ಲಂಡನ್ನಿನಲ್ಲಿ ರಂಗವನ್ನೇರಿತು. ಲಾಯದಲ್ಲಿ ಕೆಲಸ ಮಾಡುವ ಹುಡುಗನೊಬ್ಬನು, ತಾನು ದೇವರೆಂದು ಪೂಜಿಸಿದ ಕುದುರೆಗಳ ಕಣ್ಣನ್ನೇ ಒಂದು ರಾತ್ರಿ ಚುಚ್ಚಿ ಕಳೆದನು. ಏತಕ್ಕೆಂಬುದನ್ನು ವೈದ್ಯನೊಬ್ಬನು ಹುಡುಕುತ್ತ ಹೋಗುತ್ತಾನೆ. ರಂಗದ ಮೇಲೆ ಕುದುರೆಗಳಾಗಿ ನಿಂತವರು ನಟರು. ತಂತಿಯಿಂದ ಹೆಣೆದ ಕುದುರೆಯ ತಲೆಗಳನ್ನು ಅವರು ಜನರ ಎದುರಿಗೇ ತೊಟ್ಟುಕೊಳ್ಳುವರು. ತಂತಿಯ ನಡುವೆ ಅವರ ಮುಖವೂ ಕಾಣುವುದು. ಕಾಲಿಗೆ ಲೋಹದ ಗೊರಸು. ಅದು ಮೃಗವೂ ಹೌದು, ದೇವರೂ ಹೌದು, ಹುಡುಗನ ಮನಸ್ಸಿನ ಭೂತವೂ ಹೌದು. 1977ರಲ್ಲಿ ಅದು ಚಿತ್ರವಾಯಿತು. ಚಿತ್ರಕಥೆಯನ್ನು ಬರೆದುದು ಶಾಫರನೇ; ನಿರ್ದೇಶಕನು ಹೆಸರಾಂತ ಸಿಡ್ನಿ ಲ್ಯುಮೆಟ್; ವೈದ್ಯನಾದುದು ರಿಚರ್ಡ್ ಬರ್ಟನ್. ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಚಿತ್ರದಲ್ಲಿ ನಿಜವಾದ ಕುದುರೆಗಳು ಬಂದುವು, ನಿಜವೆಂಬಂತೆ ರಕ್ತವೂ ಬಂದಿತು. ನೋಡುವವರಿಗೆ ಹುಡುಗನ ದೇವರು ಮರೆತುಹೋಗಿ ಬಡ ಮೂಕಪ್ರಾಣಿಗಳ ಮೇಲೆ ಕನಿಕರವುಂಟಾಯಿತು. ಕನಿಕರವು ಒಳ್ಳೆಯ ಗುಣವೇ. ಆದರೆ ಆ ಕಥೆಯು ಕೇಳಿದುದು ಅದನ್ನಲ್ಲ.

ಇದಕ್ಕೆ ಹೋಲುವ ಇನ್ನೊಂದು ಕುದುರೆಯ ಕಥೆಯೂ ಇದೆ. ಮೈಕೆಲ್ ಮಾರ್ಪರ್ಗೊ ಮಕ್ಕಳಿಗಾಗಿ 1982ರಲ್ಲಿ ಬರೆದ ‘ವಾರ್ ಹಾರ್ಸ್’ ಕಾದಂಬರಿಯು 2007ರಲ್ಲಿ ನಾಟಕವಾಯಿತು. ಅದರ ಕುದುರೆಯು ದಕ್ಷಿಣ ಆಫ್ರಿಕದ ಗೊಂಬೆಯಾಟದವರು ಕಟ್ಟಿದ ಆಳೆತ್ತರದ ಗೊಂಬೆ. ಆಡಿಸುವ ಮೂವರೂ ಮರೆಯಿಲ್ಲದೆ ಕಾಣುತ್ತಾರೆ. ಕಾಲು ಗಳಿಗೆಯಲ್ಲಿ ಅವರನ್ನು ಮರೆತು ಜನರು ಕುದುರೆಗಾಗಿ ಅತ್ತರು. 2011ರಲ್ಲಿ ಸ್ಪೀಲ್‌ಬರ್ಗನು ನಿಜವಾದ ಕುದುರೆಗಳಿಂದ ಚಿತ್ರವನ್ನು ತೆಗೆದನು. ಅದು ಚೆಲುವಾದ ಚಿತ್ರ. ಆದರೆ ಗೊಂಬೆಯು ಉಸಿರಾಡುವುದನ್ನು ಕಂಡ ಬೆರಗು ನಿಜವಾದ ಕುದುರೆಯು ಉಸಿರಾಡುವುದನ್ನು ಕಂಡರೆ ಹುಟ್ಟುವುದೆಂತು? ಕುದುರೆಯು ಉಸಿರಾಡಿಯೇ ಆಡುತ್ತದೆ.

ಅಮೆರಿಕದ ಥಾರ್ನ್‌ಟನ್ ವೈಲ್ಡರನ ‘ಅವರ್ ಟೌನ್’ ಎಂಬ ನಾಟಕದ (1938) ಕಥೆಯನ್ನು ಹೇಳದೆ ಮುಂದಕ್ಕೆ ಹೋಗಲು ಮನಸ್ಸಾಗುವುದಿಲ್ಲ. ಬರಿದಾದ ರಂಗ, ಎರಡು ಮೇಜು, ಕೆಲವು ಕುರ್ಚಿ, ಎರಡು ಏಣಿ. ಸಣ್ಣ ಊರೊಂದರ ಎಮಿಲಿ ಎಂಬ ಹುಡುಗಿಯು ಬೆಳೆದು, ಮದುವೆಯಾಗಿ, ಹೆರಿಗೆಯಲ್ಲಿ ಸಾಯುತ್ತಾಳೆ. ಸತ್ತ ಮೇಲೆ ಒಂದೇ ಒಂದು ದಿನದ ಮಟ್ಟಿಗೆ ತನ್ನ ಬಾಲ್ಯಕ್ಕೆ ಹಿಂದಿರುಗಿ, ಬದುಕಿದ್ದವರು ಬದುಕನ್ನು ನೋಡದೆಯೇ ಕಳೆಯುತ್ತಾರೆಂಬುದನ್ನು ಕಾಣುತ್ತಾಳೆ. 1940ರ ಚಿತ್ರದಲ್ಲಿ ಎಮಿಲಿಯು ಸಾಯುವುದಿಲ್ಲ! ಸತ್ತುದೆಲ್ಲ ಕನಸಾಗಿ, ಆಕೆಯು ಮಗುವಿನೊಡನೆ ಎದ್ದು ಕೂರುತ್ತಾಳೆ. ಇದು ಹಣದಾಸೆಗೆ ಮಾಡಿದ ಬದಲಾವಣೆಯೆಂದು ಯಾರಾದರೂ ತಿಳಿದಾರು. ಆಶ್ಚರ್ಯವೇನೆಂದರೆ ವೈಲ್ಡರನೇ ಇದಕ್ಕೆ ಒಪ್ಪಿದ್ದನು. ಅವನು ಕೊಟ್ಟ ಕಾರಣವು ಇದು: ನಾಟಕದಲ್ಲಿ ಎಮಿಲಿಯು ಅರ್ಧ ಮನುಷ್ಯಳು, ಇನ್ನರ್ಧ ಒಂದು ಸಂಕೇತ, ಅವಳ ಸಾವು ಎಲ್ಲರ ಸಾವು. ಚಿತ್ರದಲ್ಲಿಯಾದರೋ ಜನರನ್ನು ಅಷ್ಟು ಸಮೀಪದಿಂದ ನೋಡುತ್ತೇವೆ. ಆಕೆಯು ನಮಗೆ ಗುರುತಾದ ಹುಡುಗಿಯೇ ಆಗಿಬಿಡುತ್ತಾಳೆ. ಅಂಥವಳನ್ನು ಕೊಲ್ಲುವುದು ಬರಿಯ ಕ್ರೌರ್ಯವಾಗಿ ತೋರುವುದು. ತನ್ನ ಕೃತಿಯ ಮುಕ್ತಾಯವನ್ನೇ ಬಿಟ್ಟುಕೊಟ್ಟ ಆ ಲೇಖಕನ ತೀರ್ಮಾನವನ್ನು ನಾವು ಒಪ್ಪಲಾರೆವು. ಎಮಿಲಿಯು ಉಳಿದುಕೊಂಡರೆ ಆ ಕಥೆಗೆ ಹೇಳುವುದೇನೂ ಉಳಿಯುವುದಿಲ್ಲ. ಆದರೆ ಅವನು ಕೊಟ್ಟ ಕಾರಣವು ಮಾತ್ರ ಸತ್ಯವಾದುದು.

ಕಣ್ಣಿನ ಮಾತು ಇಷ್ಟಾಯಿತು. ಕಿವಿಯ ಕಥೆಗಳೂ ಇವೆ. ನಮ್ಮ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ಕವಿ ಏಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂದು 1935ರಲ್ಲಿ ಕನ್ನಡಕ್ಕೆ ತಂದರು. ಮೂಲವು ಕ್ರಿ. ಪೂ. 472ರಲ್ಲಿ ಆಡಿದುದು, ಅದಕ್ಕೆ ಎಂಟು ವರ್ಷ ಮೊದಲು ಸಲಾಮಿಸಿನ ಕಡಲಿನಲ್ಲಿ ಗ್ರೀಕರು ಪಾರಸಿಕರ ನೌಕಾಬಲವನ್ನು ಮುರಿದಿದ್ದರು. ನಾಟಕದಲ್ಲಿ ಒಂದು ಹಡಗೂ ಇಲ್ಲ. ಪಾರಸಿಕರ ಅರಮನೆಯ ಮುಂದೆ ರಾಜಮಾತೆಯೂ ಮುದುಕರಾದ ಮಂತ್ರಿಗಳೂ ಕಾದಿರುತ್ತಾರೆ. ದೂತನೊಬ್ಬನು ಓಡಿಬಂದು ನಡೆದುದನ್ನು ಹೇಳುತ್ತಾನೆ, ಬಿದ್ದವರ ಹೆಸರುಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಅಷ್ಟೇ. ಕೇಳುತ್ತ ಕುಳಿತ ಅಥೆನ್ಸಿನವರಲ್ಲಿ ಎಷ್ಟೋ ಮಂದಿ ಆ ಕಾಳಗದಲ್ಲಿ ಹುಟ್ಟು ಹಾಕಿದವರು. ಗೆದ್ದವರು, ತಮ್ಮಿಂದ ಸೋತವರ ಮನೆಯ ಗೋಳನ್ನು ಕೇಳುತ್ತ ಕುಳಿತಿದ್ದರು. ಇದನ್ನು ಚಿತ್ರವಾಗಿ ತೆಗೆದರೆ ಮೊದಲು ಮಾಡುವ ಕೆಲಸವೇನು? ನೂರಾರು ಹಡಗುಗಳು ಡಿಕ್ಕಿ ಹೊಡೆಯುವುದನ್ನು ತೋರಿಸುವುದು. ಆಗ ಅದು ಗ್ರೀಕರ ಜಯದ ಕಥೆಯಾಗುತ್ತದೆ. ದೂತನ ನಾಲಗೆಯಲ್ಲಿ ಮಾತ್ರ ಅದು ತಾಯಿಯೊಬ್ಬಳು ಕೇಳಿದ ಸುದ್ದಿಯಾಗಿ ಉಳಿಯುವುದು. ಯುದ್ಧಕ್ಕೆ ಮಕ್ಕಳನ್ನು ಕಳುಹಿಸಿದ ಯಾವ ಮನೆಗಾದರೂ ಯುದ್ಧವು ತಲಪುವುದು ಹೀಗೆಯೇ ಅಲ್ಲವೇ? ಬಾಗಿಲಿಗೆ ಬಂದು ನಿಂತವನ ಬಾಯಿಂದ.

ಇಷ್ಟನ್ನು ಓದಿ, ನಾವು ಚಿತ್ರದ ವೈರಿಗಳೆಂದು ಯಾರೂ ತಿಳಿಯಬಾರದು. 1977ರ ‘ಘಟಶ್ರಾದ್ಧ’ವನ್ನು ನೋಡಿದವರು ಅದನ್ನು ರಂಗದ ಮೇಲೆ ಊಹಿಸಿಕೊಳ್ಳಲಿ ನೋಡೋಣ. ಅನಂತಮೂರ್ತಿಯವರ ಆ ಕಥೆಯನ್ನು ಗಿರೀಶ ಕಾಸರವಳ್ಳಿಯವರು ಚಿತ್ರಕ್ಕೆ ತಂದಾಗ ಅದರ ಭಾರವೆಲ್ಲ ನಾಣಿಯೆಂಬ ಬಾಲಕನ ಎರಡು ಕಣ್ಣುಗಳ ಮೇಲೆ ನಿಂತಿತು. ಆ ಹುಡುಗನಿಗೆ ಕಂಡುದು ಬಹಳ, ತಿಳಿದುದು ಸ್ವಲ್ಪ, ಹೇಳಲು ಬಂದುದು ಏನೂ ಇಲ್ಲ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿಯಲ್ಲಿ ಒಂಟಿಯಾಗಿ ಕುಳಿತ ಯಮುನೆಯು ಒಂದು ಮಾತನ್ನೂ ಆಡುವುದಿಲ್ಲ. ರಂಗದ ಮೇಲೆ ಆ ಹುಡುಗನು ಹಿಂದಿನ ಸಾಲಿಗೆ ಕಾಣನು, ಕಾಣಬೇಕಾದರೆ ಮಾತನಾಡಬೇಕು, ಮಾತನಾಡಿದರೆ ಕೆಟ್ಟಿತು. ಬಾಯಿಲ್ಲದವರ ಕಥೆಗಳಿಗೆ, ಮಳೆ ಮಂಜು ಕಾಡುಗಳೇ ಪಾತ್ರಗಳಾದ ಕಥೆಗಳಿಗೆ, ಚಿತ್ರವು ಸಹಜವಾದ ನೆಲೆ. ನಾಟಕದಿಂದಲೇ ಬಂದು ಚಿತ್ರದಲ್ಲಿ ಗೆದ್ದವೂ ಉಂಟು. 1954ರ ‘ಬೇಡರ ಕಣ್ಣಪ್ಪ’ನು ಗುಬ್ಬಿ ಕಂಪೆನಿಯ ರಂಗದಿಂದಲೇ ಇಳಿದು ಬಂದವನು; ಆ ಪಾತ್ರದಿಂದ ರಾಜಕುಮಾರರ ಮುಖವು ನಾಡಿನ ಮನೆಮನೆಗೂ ಪರಿಚಯವಾಯಿತು. ಒಬ್ಬ ಭಕ್ತನ ಒಂದು ಮುಖ, ಒಂದು ಲಿಂಗ. ಆ ಕಥೆಗೆ ಸಮೀಪವೇ ಬೇಕಾಗಿತ್ತು.

ಕಾಡು ಚಿತ್ರದ ಸ್ವತ್ತೆಂದು ಈಗತಾನೆ ಹೇಳಿದೆವಷ್ಟೆ. ಅದಕ್ಕೆ ಅಪವಾದವಾದುದನ್ನು ನಮ್ಮ ನಾಡೇ ಒದಗಿಸಿದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ನೂರಾರು ಪಾತ್ರಗಳ, ಹೊಳೆ ಬೆಟ್ಟಗಳ, ಇಂಬಳಗಳ ಕಾದಂಬರಿ. ಇದನ್ನು ನಾಟಕವಾಗಿ ಆಡುತ್ತಾರೆಂದರೆ ನಗದವರು ಯಾರು? ಆದರೆ ಕೆ. ವೈ. ನಾರಾಯಣಸ್ವಾಮಿಯವರು ಅದನ್ನು ರಂಗರೂಪಕ್ಕೆ ತಂದರು, ಹಂಸಲೇಖರು ಸಂಗೀತವನ್ನು ಕೂಡಿಸಿದರು, ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿಯೂ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿಯೂ ಅದನ್ನು ಆಡಿದರು. ಆಟವು ಒಂಬತ್ತು ಗಂಟೆಗಳದು, ರಾತ್ರಿ ತೊಡಗಿ ಬೆಳಗಿನವರೆಗೆ. ಬಯಲಿನಲ್ಲಿ ರಂಗಗಳು ಹಲವು. ಕಥೆಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದಾಗ ಜನರೂ ಎದ್ದು, ಚಾಪೆ ಕಂಬಳಿಗಳನ್ನು ಹೊತ್ತು, ಮಕ್ಕಳನ್ನು ಎಬ್ಬಿಸಿಕೊಂಡು ಅಲ್ಲಿಗೆ ಹೋಗುವರು. ಆ ಕಾದಂಬರಿಯಲ್ಲಿ ಜನರು ಕತ್ತಲೆಯಲ್ಲಿ ನಡೆಯುತ್ತಲೇ ಇರುತ್ತಾರಲ್ಲವೇ? ನೋಡುವವರೂ ನಡೆದರು, ನೋಡುವವರಿಗೂ ಚಳಿಯಾಯಿತು, ನೋಡುವವರೂ ಬೆಳಗಿಗಾಗಿ ಕಾದರು. ಚಿತ್ರದಲ್ಲಿ ಮಲೆನಾಡಿನ ಬೆಳಗು ಇನ್ನೂ ರಮ್ಯವಾಗಿ ಕಂಡೀತು. ಆದರೆ ಅದು ನಮ್ಮ ಮೇಲೆ ಬೆಳಗಾಗುವುದಿಲ್ಲ.

ಇಂಥ ಆಟವನ್ನು ಕ್ಯಾಮರಾದಿಂದ ಹಿಡಿದಿಟ್ಟು ಮನೆಯಲ್ಲಿ ನೋಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಹಿಡಿದಿಡಲಿ, ಅಭ್ಯಾಸ ಮಾಡುವವರಿಗೂ ಮುಂದಿನವರಿಗೂ ಅದರಿಂದ ಉಪಕಾರವಿದೆ. ಆದರೆ ಅದನ್ನು ನೋಡಿ ನಾಟಕವು ಇಷ್ಟೇ ಎಂದು ಮಕ್ಕಳು ತಿಳಿದರೆ ಅನ್ಯಾಯ. ಹಿಂದಿನ ಸಾಲಿಗೆ ಮುಟ್ಟಲೆಂದು ಎತ್ತಿದ ದನಿಯು ಅಂಗೈಯಗಲದ ಗಾಜಿನ ಮೇಲೆ ಅರಚಾಟವಾಗುತ್ತದೆ. ಬಯಲಿಗೆ ಅಳತೆಯಾದ ಕೈಬೀಸು ಅಲ್ಲಿ ಅತಿಯಾಗುತ್ತದೆ. ಒಳ್ಳೆಯ ನಟನೇ ಅಲ್ಲಿ ಕೆಟ್ಟವನಾಗಿ ಕಾಣುತ್ತಾನೆ. ಜನರು ಬರುವುದನ್ನು ಬಿಟ್ಟರೆ ಇಂತಹ ಕಥೆಗಳಿಗೆ ಬೇರೆ ನೆಲೆಯಿಲ್ಲ. ಪುಸ್ತಕದಲ್ಲಿ ಅಚ್ಚಾಗಿ ಅವು ಉಳಿದಾವು, ಆದರೆ ಮುಖವಾಡವನ್ನು ಬದಲಿಸಿದ ಗಳಿಗೆಯು ಪುಸ್ತಕದಲ್ಲಿ ಒಂದು ಸಾಲು ಮಾತ್ರ. ಒಂದು ಕಾಲದಲ್ಲಿ ಜಾತ್ರೆ ಜಾತ್ರೆಗೂ ಗುಡಾರವನ್ನು ಹಾಕುತ್ತಿದ್ದ ಕಂಪೆನಿಗಳಲ್ಲಿ ಬಹಳವು ಈಗಿಲ್ಲ.

ಆದರೂ ಬಾಗಿಲು ಮುಚ್ಚಿಲ್ಲ. 1949ರಲ್ಲಿ ಹುಟ್ಟಿದ ಹೆಗ್ಗೋಡಿನ ನೀನಾಸಂ ಸಂಸ್ಥೆಯು 1985ರಲ್ಲಿ ‘ತಿರುಗಾಟ’ವನ್ನು ತೊಡಗಿ, ನಾಡಿನ ಊರೂರಿಗೆ ನಾಟಕಗಳನ್ನು ಕೊಂಡೊಯ್ದಿತು. ಅದಕ್ಕೂ ಮೊದಲು, 1973ರಲ್ಲಿ, ಅದೇ ಸಂಸ್ಥೆಯು ಚಿತ್ರಸಮಾಜವೊಂದನ್ನು ಕಟ್ಟಿ ಹಳ್ಳಿಯವರಿಗೆ ಜಗತ್ತಿನ ದೊಡ್ಡ ಚಿತ್ರಗಳನ್ನು ತೋರಿಸಿತ್ತು. ಒಂದನ್ನು ಪ್ರೀತಿಸಿದವರು ಇನ್ನೊಂದನ್ನು ದ್ವೇಷಿಸಬೇಕಾಗಿಲ್ಲವೆಂಬುದಕ್ಕೆ ಬೇರೆ ಸಾಕ್ಷಿಯು ಬೇಡ.

ನಿಮ್ಮ ಊರಿಗೆ ಇಂತಹ ತಂಡವೊಂದು ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಒಂದೆರಡು ಮಾತು. ತೀರ ಮುಂದಿನ ಸಾಲಿನಲ್ಲಿ ಕೂರಬೇಡಿರಿ. ಅಲ್ಲಿಗೆ ಬಣ್ಣವೂ ಬೆವರೂ ಕಾಣುತ್ತವೆ. ನಾಲ್ಕೈದು ಸಾಲುಗಳ ಹಿಂದೆ, ನಡುವಿನಲ್ಲಿ ಕುಳಿತರೆ ನಟರ ಕಾಲುಗಳೂ ಕಾಣುವುವು. ಅರ್ಧ ನಾಟಕವು ಕಾಲಿನಲ್ಲಿಯೇ ಇದೆ. ಕಥೆಯನ್ನು ಮೊದಲೇ ಹೇಳಿಟ್ಟಿರಬಹುದು, ಅದರಿಂದ ರುಚಿಯು ಕೆಡುವುದಿಲ್ಲ. ಆಟದ ನಡುವೆ ಮಗುವು “ಗಾಡಿ ಎಲ್ಲಿದೆ?” ಎಂದು ಕೇಳಿದರೆ ಮಾತ್ರ ಉತ್ತರವನ್ನು ಹೇಳುವ ಅವಸರ ಬೇಡ. ಇನ್ನೆರಡು ನಿಮಿಷಗಳಲ್ಲಿ ಅದು ತಾನೇ ಗಾಡಿಯ ಜೊತೆಗೆ ಕುಲುಕುತ್ತಿರುತ್ತದೆ.